ಬೇರಿನಲ್ಲಿ ಫ್ಲೋರಿನ್

ಎನ್‌ಎಂಆರ್ ಯಂತ್ರದ ಮುಂದೆ ಕುಳಿತು ಬೇರೆಯವರ ಸ್ಯಾಂಪಲ್ ಓಡಿಸುವುದು ನನ್ನ ಕೆಲಸ. ಯಾರೋ ಒಂದು ಚಿಟಿಕೆ ಪುಡಿ ತರುತ್ತಾರೆ. ನಾನು ಅದನ್ನು ಕರಗಿಸಿ, ತೆಳು ಗಾಜಿನ ಕೊಳವೆಗೆ ತುಂಬಿ, ದೊಡ್ಡ ಅಯಸ್ಕಾಂತದೊಳಗೆ ಇಳಿಸುತ್ತೇನೆ. ಪರದೆಯ ಮೇಲೆ ಬಂದ ಗೆರೆಗಳನ್ನು ಓದಿ ಇದು ಇಂಥ ಅಣು ಎಂದು ಹೇಳುತ್ತೇನೆ. ಅವರು ಅದರಿಂದ ಡಾಕ್ಟರೇಟ್ ಪಡೆದು, ಪ್ರಬಂಧದ ಯಾವುದೋ ಮೂಲೆಯಲ್ಲಿ ‘ಸಹಕರಿಸಿದ ನೀಲಾಂಬಿಕೆಯವರಿಗೂ ವಂದನೆಗಳು’ ಎಂದು ಬರೆಯುತ್ತಾರೆ. ಕೆಲವರು ಅದನ್ನೂ ಮರೆಯುತ್ತಾರೆ. ನನಗೂ ಒಂದು ಡಾಕ್ಟರೇಟ್ ಬರಬೇಕಿತ್ತು. ಅದನ್ನು ತಪ್ಪಿಸಿದವರು ನನ್ನ ಅಪ್ಪ, ಬಾಳೆಹೊನ್ನೂರಿನ ಹತ್ತಿರದ ನಾಟಿ ವೈದ್ಯ ಕರಿಬಸವಯ್ಯನವರು. ಆದರೆ ನನಗೆ ಸಿಟ್ಟಿರುವುದು ಡಾಕ್ಟರೇಟ್ ಹೋಯಿತೆಂದಲ್ಲ.

ಅಪ್ಪ ಮಂಡಿನೋವಿಗೆ, ಕೀಲುವಾತಕ್ಕೆ ಮದ್ದು ಕೊಡುತ್ತಿದ್ದರು. ಭಾನುವಾರ ಬಂತೆಂದರೆ ನರಸಿಂಹರಾಜಪುರ, ಕೊಪ್ಪ, ಶೃಂಗೇರಿ ಕಡೆಯ ಬಸ್ಸುಗಳಿಂದ ಇಳಿದವರು ಕುಂಟುತ್ತ ನಮ್ಮ ಜಗಲಿಗೆ ಬರುತ್ತಿದ್ದರು. ಮದ್ದಿಗೆ ದುಡ್ಡು ಮುಟ್ಟುವ ಹಾಗಿರಲಿಲ್ಲ, ಎಲೆ ಅಡಿಕೆ ಇಟ್ಟು ಕೈಮುಗಿದರೆ ಸಾಕು. ಬೇರು ಯಾವುದೆಂಬುದು ತಂದೆಯಿಂದ ಮಗನಿಗೆ ಮಾತ್ರ ಹೋಗುವ ಗುಟ್ಟು. ಅಗೆಯುವವನು ಬೆಳಕು ಹರಿಯುವ ಮೊದಲೇ ಒಬ್ಬನೇ ಕಾಡಿಗೆ ಹೋಗಬೇಕು, ದಾರಿಯಲ್ಲಿ ಯಾರೊಂದಿಗೂ ಮಾತಾಡಬಾರದು, ಯಾರ ಕಣ್ಣಿಗೂ ಬೀಳಬಾರದು.

ಹೈಸ್ಕೂಲಿನಲ್ಲಿದ್ದಾಗ ನನಗೂ ಹೇಳಿಕೊಡಿ ಎಂದು ಹಟ ಹಿಡಿದೆ. ಹೆಣ್ಣುಮಗಳು ನಾಳೆ ಇನ್ನೊಂದು ಮನೆ ಸೇರುವವಳು, ಮದ್ದೂ ಅವಳ ಹಿಂದೆಯೇ ಹೊರಟುಹೋಗುತ್ತದೆ ಎಂದರು ಅಪ್ಪ. ಲೆಕ್ಕದಲ್ಲಿ ಪಾಸಾಗಲು ಹೆಣಗುತ್ತಿದ್ದ ನನ್ನ ತಮ್ಮ ಧರ್ಮೇಶ ಪಕ್ಕದಲ್ಲಿ ಕುಳಿತು ಹಲ್ಲು ಕಿರಿದ. ಆ ಗುಟ್ಟು ಅವನಿಗಾಗಿ ಕಾದಿತ್ತು. ನಾನು ಹುಟ್ಟಿದ ಮನೆಯಲ್ಲೇ ನಾನು ನೆಂಟರವಳು ಎಂದು ಅವತ್ತು ತಿಳಿಯಿತು.

ರಸಾಯನಶಾಸ್ತ್ರ ಓದಿದ್ದು ಆ ಹೊಟ್ಟೆಯುರಿಗೆ. ಅಯಸ್ಕಾಂತದ ನಡುವೆ ಇಟ್ಟರೆ ಅಣುವಿನ ಒಂದೊಂದು ಪರಮಾಣುವೂ ತನ್ನ ಅಕ್ಕಪಕ್ಕದವರು ಯಾರೆಂದು ಬಾಯಿಬಿಡುತ್ತದೆ ಎಂದು ಎಂ.ಎಸ್‌ಸಿ.ಯಲ್ಲಿ ಮೇಷ್ಟರು ಪಾಠ ಮಾಡಿದಾಗ ನಾನು ಅಲ್ಲೇ ತೀರ್ಮಾನ ಮಾಡಿಬಿಟ್ಟೆ. ಅಪ್ಪ ಹೇಳದಿದ್ದರೆ ಬೇಡ, ಮದ್ದಿನ ಬಾಯಿಂದಲೇ ಹೇಳಿಸುತ್ತೇನೆ.

ಎರಡು ಸಾವಿರದ ಎರಡರಲ್ಲಿ ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆ ಸೇರಿದೆ. ನನ್ನ ಗೈಡಿಗೆ ವಿಷಯ ಕೇಳಿಯೇ ಬಾಯಲ್ಲಿ ನೀರೂರಿತು. ಗಿಡದ ಹೆಸರು ಕೇಳಿದರು, ಗೊತ್ತಿಲ್ಲ ಎಂದೆ. ಹೆಸರಿಲ್ಲದ ಗಿಡದ ಮೇಲೆ ಸಂಶೋಧನೆ ಮಾಡಬಾರದೆಂದು ಅವರೇ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದವರು. ಆದರೂ ಮೊದಲು ಅಣು ಸಿಗಲಿ, ಹೆಸರು ಆಮೇಲೆ ನೋಡಿಕೊಳ್ಳೋಣ ಎಂದರು. ಅಪ್ಪನ ಹತ್ತಿರ ಮದ್ದಿನ ಪುಡಿ ಬೇಕೆಂದಾಗ ಅವರು ಎದ್ದು ಹೋಗಿ ಡಬ್ಬಿ ತುಂಬಿ ಕೊಟ್ಟರು. ಅಷ್ಟು ಸುಲಭದಲ್ಲಿ ಕೊಟ್ಟರಲ್ಲ ಎಂದು ನನಗೆ ಕಣ್ಣು ತುಂಬಿತ್ತು.

ಪುಡಿಯಿಂದ ಒಂದೊಂದೇ ಅಂಶ ಬೇರ್ಪಡಿಸಿ ಇಲಿಗಳ ಮೇಲೆ ಪರೀಕ್ಷಿಸುತ್ತ ಬಂದೆ. ಮೂರನೆಯ ವರ್ಷ, ಊತ ಇಳಿಸುವ ಅಂಶ ಕೈಗೆ ಸಿಕ್ಕಿತು. ಕಡಲೆಕಾಳಿನಷ್ಟೂ ಇಲ್ಲದ ಬಿಳಿ ಪುಡಿ. ಹೈಡ್ರೋಜನ್ ಗೆರೆಗಳನ್ನು ಓಡಿಸಿದಾಗ ಅದು ಗಿಡಗಳಲ್ಲೂ ಸಿಗುವ ಸ್ಟೀರಾಯ್ಡ್ ಜಾತಿಯದೆಂದು ಗೊತ್ತಾಯಿತು. ಗೈಡ್ ಕುಣಿದಾಡಿದರು, ಕ್ಯಾಂಟೀನಿನಿಂದ ಎಲ್ಲರಿಗೂ ಜಾಮೂನು ತರಿಸಿದರು.

ಕಾರ್ಬನ್ ಗೆರೆಗಳನ್ನು ಓಡಿಸಿದಾಗ ತಕರಾರು ಶುರುವಾಯಿತು. ಒಂದು ಕಾರ್ಬನ್ನಿಗೆ ಒಂದೇ ಗೆರೆ ಬರಬೇಕಾದ ಕಡೆ ಎರಡು ಬಂದಿದ್ದವು, ನಡುವೆ ಭಾರೀ ಅಂತರ. ಕಲಬೆರಕೆ ಇದ್ದೀತು, ಇನ್ನೊಮ್ಮೆ ಶುದ್ಧ ಮಾಡು ಎಂದರು ಗೈಡ್. ಮಾಡಿದೆ. ಮತ್ತೆ ಅದೇ ಎರಡು ಗೆರೆ. ಕಾರ್ಬನ್ನಿಗೆ ಫ್ಲೋರಿನ್ ಅಂಟಿಕೊಂಡಿದ್ದರೆ ಗೆರೆ ಹಾಗೆ ಸೀಳುತ್ತದೆ ಎಂದು ನನಗೆ ಗೊತ್ತಿತ್ತು. ಆದರೆ ನಮ್ಮ ಕಾಡಿನ ಯಾವ ಬೇರೂ ಫ್ಲೋರಿನ್ ಇಟ್ಟು ಸ್ಟೀರಾಯ್ಡ್ ಕಟ್ಟುವುದಿಲ್ಲ. ಅದನ್ನು ಕಟ್ಟುವುದು ಔಷಧಿ ಕಾರ್ಖಾನೆ.

ಫ್ಲೋರಿನ್ನನ್ನೇ ಹುಡುಕುವಂತೆ ಯಂತ್ರವನ್ನು ಹೊಂದಿಸಿದೆ. ಬೇರಾಗಿದ್ದರೆ ಪರದೆ ಬರಿದಾಗಿರಬೇಕಿತ್ತು. ನಡುವೆ ಒಂದೇ ಒಂದು ಗೆರೆ ನೆಟ್ಟಗೆ ನಿಂತಿತ್ತು. ಮೊದಲಿನ ಗೆರೆಗಳ ಜೊತೆ ಕೂಡಿಸಿ ಓದಿದರೆ ಹೆಸರು ಒಂದೇ, ಡೆಕ್ಸಾಮೆಥಾಸೋನ್. ಯಾವ ಔಷಧಿ ಅಂಗಡಿಯಲ್ಲಾದರೂ ಸಿಗುವ ಪುಟ್ಟ ಮಾತ್ರೆ. ನೋವು, ಊತ ತಕ್ಷಣ ಇಳಿಸುತ್ತದೆ. ವರ್ಷಗಟ್ಟಲೆ ನುಂಗಿದರೆ ಮುಖ ದುಂಡಗೆ ಊದುತ್ತದೆ, ಸಕ್ಕರೆ ಕಾಯಿಲೆ ಬರುತ್ತದೆ, ಮೂಳೆ ಟೊಳ್ಳಾಗುತ್ತದೆ, ಚರ್ಮ ತೆಳುವಾಗಿ ತಾಗಿದಲ್ಲೆಲ್ಲ ನೀಲಿಗಟ್ಟುತ್ತದೆ. ಹಾಗೆಂದು ಒಮ್ಮೆಲೇ ಬಿಟ್ಟರೆ ಜೀವಕ್ಕೇ ಅಪಾಯ. ಗೈಡ್ ಗೆರೆಗಳು ಅಚ್ಚಾದ ಕಾಗದವನ್ನು ನೋಡಿದರು, ನನ್ನ ಮುಖ ನೋಡಲಿಲ್ಲ. ನಿಮ್ಮ ತಂದೆ ನನ್ನ ಮೂರು ವರ್ಷ ಹಾಳುಮಾಡಿದರು ಎಂದರು. ನನ್ನ ವರ್ಷಗಳು ಅವರ ಲೆಕ್ಕಕ್ಕೆ ಬರಲೇ ಇಲ್ಲ.

ನನಗೆ ಆಗ ನೆನಪಾದದ್ದು ಅಮ್ಮನ ಮುಖ. ಅಮ್ಮ ಬಸವಮ್ಮ ಮಂಡಿನೋವಿಗೆ ಅದೇ ಮದ್ದು ತೆಗೆದುಕೊಳ್ಳುತ್ತಿದ್ದಳು. ಇತ್ತೀಚೆಗೆ ಅವಳ ಮುಖ ದುಂಡಗಾಗಿತ್ತು. ವೈದ್ಯರ ಹೆಂಡತಿಗೆ ವಯಸ್ಸೇ ಆಗುವುದಿಲ್ಲ ಎಂದು ಜನ ಹೊಗಳುತ್ತಿದ್ದರು. ಅವತ್ತೇ ಬಸ್ಸು ಹತ್ತಿದೆ.

ಊರು ತಲುಪಿದಾಗ ಭಾನುವಾರ ಬೆಳಿಗ್ಗೆ, ಜಗಲಿ ತುಂಬಿತ್ತು. ಅಪ್ಪನನ್ನು ಒಳಗೆ ಕರೆದು ಕಾಗದ ಮುಂದೆ ಹಿಡಿದೆ. ಅವರಿಗೆ ಆ ಗೆರೆಗಳು ಅರ್ಥವಾಗುವಂತಿರಲಿಲ್ಲ. ಮಾತ್ರೆಯ ಹೆಸರು ಹೇಳಿದೆ, ಅರ್ಥವಾಯಿತು. ಸುಳ್ಳು ಹೇಳಲಿಲ್ಲ, ಅಷ್ಟಾದರೂ ಮಾಡಿದರು.

‘ನನ್ನ ಅಪ್ಪ ನಂಗೂ ಎಂತದೂ ಹೇಳ್ಲಿಲ್ಲ ಮಾರಾಯ್ತಿ. ಹೇಳೋ ಮುಂಚೆ ಮಾತು ಬಿದ್ದುಹೋಯ್ತು. ಕೈಯೆತ್ತಿ ಕಾಡು ತೋರ್ಸಿದ್ರು. ಆ ಕಾಡಲ್ಲಿ ಬೇರು ಒಂದಾ ಎರಡಾ?’

ಕೈಗೆ ಸಿಕ್ಕಿದ ಬೇರು ಕೊಟ್ಟು ನೋಡಿದರಂತೆ, ಯಾರಿಗೂ ಗುಣವಾಗಲಿಲ್ಲ. ಬಂದವರು ನಿಮ್ಮ ಅಪ್ಪನ ಕೈಗುಣ ನಿಮಗಿಲ್ಲ ಎಂದು ಎದುರಿಗೇ ಆಡಿ ಹೋದರಂತೆ. ಕೊಪ್ಪದ ಔಷಧಿ ಅಂಗಡಿಯ ಗೆಳೆಯನೊಬ್ಬ ಈ ಮಾತ್ರೆ ಸೇರಿಸಿ ನೋಡು ಎಂದ. ಹೋದ ವರ್ಷ ಧರ್ಮೇಶನಿಗೆ ಹೇಳಿಕೊಟ್ಟ ಗುಟ್ಟೂ ಇದೇ. ಇಷ್ಟು ವರ್ಷ ನಾನು ಹೊಟ್ಟೆಯುರಿದುಕೊಂಡದ್ದು ಇಲ್ಲದ ಆಸ್ತಿಯ ಪಾಲಿಗೆ. ನಗು ಬಂತು, ಅಳುವೂ ಬಂತು.

ಇವತ್ತೇ ನಿಲ್ಲಿಸಿ, ಬಂದವರಿಗೆ ನಿಜ ಹೇಳಿ ಎಂದೆ. ಅವರು ಅಲ್ಲಾಡಲಿಲ್ಲ. ಹಾಗಾದರೆ ನಾನೇ ಹೇಳುತ್ತೇನೆ ಎಂದು ಜಗಲಿಗೆ ಬಂದೆ. ಅಪ್ಪ ಹಿಂದೆಯೇ ಬಂದು ತಮ್ಮ ಮಣೆಯ ಮೇಲೆ ಕುಳಿತರು. ಇದು ಬೇರಿನ ಮದ್ದಲ್ಲ, ಇದರಲ್ಲಿ ಡಾಕ್ಟರ್ ನೋಡಿ ಕೊಡಬೇಕಾದ ಮಾತ್ರೆ ಇದೆ, ಒಮ್ಮೆಲೇ ಬಿಡಬೇಡಿ, ಕೊಪ್ಪದ ಆಸ್ಪತ್ರೆಯಲ್ಲಿ ತೋರಿಸಿ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಯಾರೂ ಎದ್ದು ಹೋಗಲಿಲ್ಲ. ಎಲ್ಲರ ಕಣ್ಣಲ್ಲೂ ನನ್ನ ಮೇಲೆ ಮರುಕವಿತ್ತು. ಬೇಗಾರಿನಿಂದ ಬರುತ್ತಿದ್ದ ಸಣ್ಣಕ್ಕ, ಅವಳದೂ ಅದೇ ದುಂಡು ಮುಖ, ನನ್ನ ಕೈ ಹಿಡಿದಳು.

‘ಹೆಣ್ಣುಮಗಳಿಗೆ ಹೇಳ್ಕೊಡ್ಲಿಲ್ಲ ಅಂತ ಸಿಟ್ಟಿರ್ತದೆ ನಿಂಗೆ, ಇಲ್ಲ ಅನ್ನಲ್ಲ. ಹಂಗಂತ ಹೆತ್ತಪ್ಪನ ಹೆಸರಿಗೆ ಮಸಿ ಬಳೀಬಾರ್ದು ಕಣಮ್ಮ.’

ನಾನು ಅಪ್ಪನ ಕಡೆ ತಿರುಗಿದೆ. ಒಂದು ಮಾತು ಸಾಕಿತ್ತು, ಹೌದು ಎಂದರೆ ಸಾಕಿತ್ತು. ಅವರು ಪೊಟ್ಟಣ ಕಟ್ಟುತ್ತ, ತಲೆಯೆತ್ತದೆ, ‘ಮುಂದಿನೋರು ಬನ್ನಿ’ ಎಂದರು.

ಆ ಗಳಿಗೆಯಲ್ಲಿ ಅವರನ್ನು ನಾನು ದ್ವೇಷಿಸಿದೆ. ಈಗಲೂ ಆ ದ್ವೇಷ ಪೂರ್ತಿ ಹೋಗಿಲ್ಲ.

ಅಮ್ಮನನ್ನಾದರೂ ಉಳಿಸಿಕೊಳ್ಳೋಣವೆಂದು ಅಡಿಗೆಮನೆಗೆ ಹೋದೆ. ಸೆರಗಿನ ಕೆಳಗೆ ಅವಳ ತೋಳಿನ ತುಂಬ ನೀಲಿ ಕಲೆಗಳು. ಈಗಲೇ ಹೊರಡು, ಕೊಪ್ಪಕ್ಕೆ ಹೋಗೋಣ, ನೀನು ತಿನ್ನುತ್ತಿರುವುದು ಏನೆಂದು ನಿನಗೆ ಗೊತ್ತಿಲ್ಲ ಎಂದೆ. ಅವಳು ಒಲೆಯ ಉರಿ ಸಣ್ಣ ಮಾಡಿದಳು.

‘ಗೊತ್ತು. ಮಾತ್ರೆ ಅರೆಯೋಳು ನಾನೇ ಅಲ್ವಾ.’

ನಾನು ಅವಳ ಪಕ್ಕ ಕುಳಿತೆ. ಸೊಸೆಗೆ ಗುಟ್ಟು ಹೇಳುವ ಸಂಪ್ರದಾಯ ಈ ಮನೆಯಲ್ಲಿಲ್ಲ. ಹೇಳಲಿಲ್ಲ, ಅರೆಯಲು ಕೊಟ್ಟರು. ಅರೆದಳು. ಗೊತ್ತಿದ್ದೂ ನೀನ್ಯಾಕೆ ತಿಂದೆ ಎಂದು ಕೇಳಿದೆ.

‘ವೈದ್ಯರ ಹೆಂಡ್ತಿನೇ ಕುಂಟ್ತಾ ಇದ್ರೆ ಆ ಮದ್ದು ಯಾರು ನಂಬ್ತಾರೆ?’

ಆಸ್ಪತ್ರೆಗೆ ಬರುವುದಿಲ್ಲ ಎಂದಳು. ಕೊಪ್ಪದ ಆಸ್ಪತ್ರೆಯ ಸಾಲಿನಲ್ಲಿ ಕರಿಬಸವಯ್ಯನವರ ಹೆಂಡತಿ ನಿಂತದ್ದನ್ನು ಜನ ನೋಡುವುದಕ್ಕಿಂತ ಸಾಯುವುದು ಲೇಸಂತೆ. ಬೈದೆ, ಕಾಲು ಹಿಡಿದೆ, ಹೆದರಿಸಿದೆ. ಅವಳು ನನ್ನ ತಲೆ ಸವರಿ, ನೀನು ಹೇಳಿದ ಹಾಗೇ ಆಗಲಿ, ಇವತ್ತಿನಿಂದ ಆ ಮದ್ದು ಮುಟ್ಟುವುದಿಲ್ಲ ಎಂದು ಗೂಡಿನಲ್ಲಿದ್ದ ತನ್ನ ಪೊಟ್ಟಣವನ್ನು ಒಲೆಗೆ ಹಾಕಲು ಎತ್ತಿದಳು. ಅಷ್ಟರಿಂದಾದರೂ ನನಗೆ ಸಮಾಧಾನವಾದೀತು ಎಂದುಕೊಂಡಿದ್ದಳು, ಒಮ್ಮೆಲೇ ಬಿಟ್ಟರೆ ಏನಾಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ನಾನು ಎದ್ದು ಅವಳ ಕೈ ಹಿಡಿದೆ. ಪೊಟ್ಟಣ ಕಿತ್ತುಕೊಂಡು ಬಿಚ್ಚಿ, ಲೋಟದಲ್ಲಿ ನೀರು ತಂದು, ತಗೋ ಅಮ್ಮ ಎಂದು ನಾನೇ ಅವಳಿಗೆ ಕುಡಿಸಿದೆ.