ಕೆಂಪಿಗೆ ಒಂದು ಗಂಟು

ಮಾಲೀಕ ಕೊಟ್ಟೂರಪ್ಪ ಒಗೆದು ಬಂದ ಜೀನ್ಸ್ ಪ್ಯಾಂಟನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದ. ಒಂದು ಕಾಲು ಕಡುನೀಲಿ, ಇನ್ನೊಂದು ಬಿಳಿಚಿಕೊಂಡಿತ್ತು. ಅಂಥವು ನಲವತ್ತು.

"ಕಂಪ್ಯೂಟರ್ ಬಂದ ವಾರದಾಗ ಹಿಂಗ! ಜಂಬಮ್ಮಾ, ನಿಂಗ ನಂಬರ್ ಒತ್ತಾಕ ಬರಂಗಿಲ್ಲ. ಸೋಮವಾರದಿಂದ ಬಾಗಿಲ ಕಡಿ ಕುಂತು ಹೊಲಿದ ಪ್ಯಾಂಟಿನ ಎಳಿ ಕತ್ತರಸು."

ಬಳ್ಳಾರಿಯ ಆ ಜೀನ್ಸ್ ಕಾರ್ಖಾನೆಯಲ್ಲಿ ಒಂದೇ ಥಾನಿನ, ಅಂದರೆ ಒಂದೇ ಬಟ್ಟೆಸುರುಳಿಯ, ತುಂಡುಗಳನ್ನು ಒಂದು ಕಟ್ಟಾಗಿಸಿ ಟೈಲರುಗಳಿಗೆ ಕೊಡುವುದು ಹದಿನೈದು ವರ್ಷದಿಂದ ಜಂಬಮ್ಮನ ಕೆಲಸ. ಥಾನು ಬೆರೆತರೆ ಒಗೆದ ಮೇಲೆ ಬಣ್ಣ ಬೇರೆಬೇರೆಯಾಗುತ್ತದೆ. ಆಕೆಗೆ ಓದು ಬಾರದು. ಪಕ್ಕದಲ್ಲಿದ್ದ ಗವಿಸಿದ್ದೇಶನಿಗೆ ನೆಲ ಬಿರಿಯಬಾರದೇ ಅನ್ನಿಸಿತು. ಥಾನಿಗೊಂದು ಅಂಕಿ ಕೊಡುವ ಸಾಫ್ಟ್‌ವೇರ್ ಅವನದೇ. ಕೆಲಸವನ್ನು ಕಣ್ಣಾರೆ ನೋಡದೆ ಒಂದು ಸಾಲೂ ಬರೆಯಬಾರದೆಂದು ಗೆಳೆಯರಿಗೆಲ್ಲ ಬೋಧಿಸುತ್ತಿದ್ದ ಎಂಜಿನಿಯರು, ಇಲ್ಲಿ ಮಾಲೀಕ ಹೇಳಿದ್ದನ್ನಷ್ಟೇ ಕೇಳಿ ಬರೆದಿದ್ದ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ.

"ತಪ್ಪು ನಂದು ಸಾವ್ಕಾರ್ರ. ಸೋಮವಾರದ ತನಕ ತಡೀರಿ," ಎಂದ.

ಮರುದಿನ ತನ್ನೂರು ಕುರುಗೋಡಿನಿಂದ ಮೊದಲ ಬಸ್ಸಿಗೇ ಬಂದು ಆಕೆಯ ಪಕ್ಕ ನೆಲದ ಮೇಲೆ ಕುಳಿತ. "ಮದ್ಲ ಹೆಂಗ ಮಾಡ್ತಿದ್ದಿ, ತೋರ್ಸಕ್ಕಾ." ಜಂಬಮ್ಮ ಮೇಜಿನಡಿಯಿಂದ ಡಬ್ಬಿ ಎಳೆದಳು. ಅದರ ತುಂಬ ಬಣ್ಣಬಣ್ಣದ ದಾರ. ಥಾನಿಗೊಂದು ಬಣ್ಣ, ಅದರ ಕಟ್ಟುಗಳಿಗೆಲ್ಲ ಅದೇ ದಾರ. ಅಂಕಿ ಬಂದ ಮೇಲೆ ದಾರ ಬೇಡವೆಂದಿದ್ದು ಇವನೇ.

ಸಂಜೆಯೊಳಗೆ ಪರದೆಯ ಅಂಕಿಗಳನ್ನೆಲ್ಲ ಕಿತ್ತುಹಾಕಿ, ಕಣ್ಣಳತೆಯಲ್ಲೇ ದಾರದ ಬಣ್ಣಗಳನ್ನು ತುಂಬಿ, ಹೆಮ್ಮೆಯಿಂದ ಮುಂದೆ ಹಿಡಿದ.

"ತಮ್ಮಾ, ಹಸರು ಎಲ್ಲೈತಿ? ಎರಡೂ ಕೆಂಪ ಅದಾವು."

ಗವಿಸಿದ್ದೇಶ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ನಂಗ ಎರಡೂ ಒಂದ ಕಾಣ್ತಾವಕ್ಕಾ. ಮೆಣಸಿನಕಾಯಿ ಬಿಡಸಾಕ ಹೋಗಿ ಅಪ್ಪನ ಕಡಿ ಎಷ್ಟ್ ಸಲ ಬೈಸ್ಕೊಂಡೀನಿ. ಯಾರಿಗೂ ಹೇಳಬ್ಯಾಡ."

ಜಂಬಮ್ಮ ಸೆರಗು ಬಾಯಿಗೆ ಒತ್ತಿ ಹೊಟ್ಟೆ ಹಿಡಿದು ನಕ್ಕಳು. "ಸಾವ್ಕಾರ ಚಲೋ ಜೋಡಿನ ಹಿಡದಾನ ಬಿಡು!"

"ಏನದು ನಗಿ?" ಒಳಗಿನಿಂದ ಕೊಟ್ಟೂರಪ್ಪನ ದನಿ ಬಂತು.

"ಏನಿಲ್ರಿ, ಬಣ್ಣ ಆರ್ಸಾಕತ್ತೀವಿ."

ಆಕೆ ತೋರಿಸಿದಳು, ಅವನು ತುಂಬಿದ. ಸೋಮವಾರ ಜಂಬಮ್ಮ ತನ್ನ ಜಾಗದಲ್ಲೇ ಕುಳಿತಳು. ವಾರದ ಕೊನೆಗೆ ಒಗೆದು ಬಂದ ಪ್ಯಾಂಟುಗಳನ್ನು ಕೊಟ್ಟೂರಪ್ಪ ಒಂದೊಂದಾಗಿ ಕಿಟಕಿಗೆ ಹಿಡಿದು ನೋಡಿದ. ಎರಡು ಕಾಲೂ ಒಂದೇ ನೀಲಿ. ಎಳೆ ಕತ್ತರಿಸುವ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಗವಿಸಿದ್ದೇಶ ಲ್ಯಾಪ್‌ಟಾಪ್ ತೆರೆಯಲು ಹೋದರೆ ಅದರ ಮೇಲೆ ಎರಡು ದಾರದ ತುಂಡುಗಳಿದ್ದವು. ಒಂದಕ್ಕೆ ಒಂದು ಗಂಟು, ಇನ್ನೊಂದಕ್ಕೆ ಎರಡು.

"ಒಂದ್ ಗಂಟಿಂದು ಕೆಂಪು," ಎಂದಳು ಜಂಬಮ್ಮ, ಕಟ್ಟಿನಿಂದ ತಲೆ ಎತ್ತದೆ.

ಅವನು ಕಣ್ಣು ಮುಚ್ಚಿ, ಬೆರಳಿನಿಂದ ಗಂಟುಗಳನ್ನು ಮುಟ್ಟಿ ನೋಡಿದ.