ಕೈ ಎತ್ತಿದವರು

ವೃದ್ಧಾಶ್ರಮವನ್ನು ಮುಚ್ಚಬೇಕೋ ಬೇಡವೋ ಎಂದು ತೀರ್ಮಾನಿಸಲು ಪುರಸಭೆಯವರು ವೃದ್ಧಾಶ್ರಮಕ್ಕೇ ಬಂದರು. ಕಣ್ಣಾರೆ ನೋಡಿ ನಿರ್ಧರಿಸಿದೆವು ಎಂದು ನಾಳೆ ಹೇಳಿಕೊಳ್ಳಬೇಕಲ್ಲ. ಕುರಿಯನ್ನು ಕೇಳಿ ಮಸಾಲೆ ಅರೆಯುವುದಿಲ್ಲ ಎನ್ನುತ್ತಾರೆ. ಇವರು ಕುರಿಯ ಮನೆಯಲ್ಲೇ ಕೂತು ಅರೆಯಲು ಬಂದಿದ್ದರು.

ಕಾರಣ ಸಿದ್ಧವಿತ್ತು: ಕಟ್ಟಡ ಹಳತು, ಮೇಲಂತಸ್ತು ಪೂರ್ತಿ ಖಾಲಿ. ಖಾಲಿಯಾದದ್ದು ಹೇಗೆ? ಹೊಸಬರನ್ನು ಸೇರಿಸಿಕೊಳ್ಳಕೂಡದೆಂದು ಆದೇಶ ಹೊರಡಿಸಿದ್ದೂ ಇದೇ ಪುರಸಭೆ. ದಿನಾ ಚಿಗುರು ಚಿವುಟಿ, ಕೊನೆಗೆ ಗಿಡವೇ ಸರಿಯಿಲ್ಲ ಎಂದು ಕೊಡಲಿ ತಂದಿದ್ದರು.

ಸದಸ್ಯರಲ್ಲಿ ಒಬ್ಬಳು ಬಟ್ಟೆ ಹೊಲಿಯುವವಳು. ಊರೆಲ್ಲ ಅವಳನ್ನು ಟೈಲರಕ್ಕ ಎನ್ನುತ್ತಿತ್ತು. ತಾಯಿ ಸತ್ತ ಮೇಲೆ ಅವಳನ್ನು ಸಾಕಿದ ಚಿಕ್ಕಮ್ಮ ಇದೇ ಆಶ್ರಮದಲ್ಲಿದ್ದಳು. ಮುಚ್ಚಿದರೆ ಇಲ್ಲಿನವರನ್ನು ದೂರದ ಊರುಗಳಿಗೆ ಹಂಚುತ್ತಾರೆ. ಹಿಂದೆ ಹಾಗೆ ಸಾಗಹಾಕಿದವರಲ್ಲಿ ಒಬ್ಬರೂ ಆ ಚಳಿಗಾಲ ದಾಟಿರಲಿಲ್ಲ.

ಬರುವಾಗ ಕಾರಿನಲ್ಲಿ ಅಧ್ಯಕ್ಷರು ಹೇಳಿದ್ದರು: "ನೋಡು ಟೈಲರಕ್ಕ, ನನಗೆ ಒಮ್ಮತ ಬೇಕು. ಚಿಕ್ಕಮ್ಮನ್ನ ಇಲ್ಲಿಟ್ಟಿರೋ ನೀನೇ ಕೈ ಎತ್ತಿದ್ರೆ ಊರಲ್ಲಿ ಯಾರೂ ಉಸಿರೆತ್ತಲ್ಲ. ಎತ್ತು, ನಿನ್ನ ವಾರ್ಡಿಗೆ ರಸ್ತೆ. ಇಲ್ಲಾಂದ್ರೆ ನಿನಗೂ ನಿನ್ನ ಜನಕ್ಕೂ ಕೆಸರೇ ಗತಿ."

ಆ ಕೆಸರಿನಲ್ಲಿ ಆಂಬುಲೆನ್ಸ್ ಹೂತುಕೊಂಡು, ಪಕ್ಕದ ಮನೆಯ ಬಸುರಿ ರಸ್ತೆಯಲ್ಲೇ ಮಗು ಕಳೆದುಕೊಂಡಿದ್ದಳು. ಟೈಲರಕ್ಕ ಕೈ ಎತ್ತುವುದೆಂದು ಮನಸ್ಸು ಕಲ್ಲು ಮಾಡಿಕೊಂಡಿದ್ದಳು.

ಸಭೆಗೆ ಊಟದ ಹಾಲ್ ಗೊತ್ತುಮಾಡಿದ್ದರು. ಉದ್ದನೆಯ ಮೇಜು, ಸುತ್ತ ಕೈಯಿರುವ ಕುರ್ಚಿಗಳು, ಯಾರದು ಯಾವುದೆಂಬ ಗುರುತಿಗೆ ಪ್ರತಿ ಕುರ್ಚಿಯ ಬೆನ್ನಿಗೆ ಒಂದೊಂದು ಬಣ್ಣದ ಬಟ್ಟೆಪಟ್ಟಿ. ಆಶ್ರಮದವರನ್ನು ಕೋಣೆಗಳಿಗೆ ಕಳಿಸಿದ್ದರು. ಚಿಕ್ಕಮ್ಮ ಮಾತ್ರ ಹಟ ಹಿಡಿದು ತನ್ನ ಹಸಿರು ಪಟ್ಟಿಯ ಕುರ್ಚಿಯಲ್ಲೇ ಕೂತಿದ್ದಳು. ಟೈಲರಕ್ಕ ಹತ್ತಿರ ಬಂದೊಡನೆ ಅವಳ ರವಿಕೆ ತೋಳಿನ ಹೊಲಿಗೆಯನ್ನು ಬೆರಳಲ್ಲಿ ಉಜ್ಜಿ ನೋಡಿದಳು. ಅವಳಿಗೆ ಸಾಕುಮಗಳ ಮುಖ ಮರೆತುಹೋಗಿತ್ತು, ಹೊಲಿಗೆ ಮರೆತಿರಲಿಲ್ಲ. ಆಮೇಲೆ ಅವಳ ಮಣಿಕಟ್ಟು ಹಿಡಿದುಕೊಂಡವಳು ಬಿಡಲೇ ಇಲ್ಲ. ಟೈಲರಕ್ಕ ನಿಂತೇ ಇರಬೇಕಾಯಿತು.

"ಆ ಕುರ್ಚಿಗಳಲ್ಲಿ ಕೂರ್ಬೇಡಿ ಸ್ವಾಮಿ," ಎಂದಳು ಹಿರಿಯ ದಾದಿ. "ತೀರಿಹೋದೋರವು. ಹೊಸಬರು ಬರೋವರೆಗೂ ಹಾಗೇ ಇಟ್ಟಿರ್ತೀವಿ. ಬೆಂಚು ಹಾಕಿಸ್ತೀನಿ, ಇರಿ."

"ಕುರ್ಚಿ ಬಿಟ್ಟು ಬೆಂಚಿಗಾ?" ಅಧ್ಯಕ್ಷರು ನಕ್ಕರು. "ಕುರ್ಚಿಗೋಸ್ಕರಾನೇ ಅಲ್ವೇನಮ್ಮಾ ನಾವು ಹುಟ್ಟಿರೋದು!"

ಎಲ್ಲರೂ ನಕ್ಕು ಕೂತರು. ಪುರಸಭೆಯ ಗುಮಾಸ್ತ ಮಾತ್ರ ದಾದಿ ಹಾಕಿಸಿದ ಬೆಂಚಿನ ತುದಿಗೆ ಕೂತ. ಅವನಿಗೆ ಕುರ್ಚಿಯ ರೂಢಿಯಿರಲಿಲ್ಲ.

ದಾದಿ ಕೂತವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು, ಹೊಸದಾಗಿ ಸೇರಿದವರನ್ನು ನೋಡುವ ಹಾಗೆ.

ಅಧ್ಯಕ್ಷರ ಭಾಷಣ ಅರ್ಧಕ್ಕೆ ಬಂದಿದ್ದಾಗ ಊಟದ ಗಂಟೆ ಹೊಡೆಯಿತು. ಆಶ್ರಮಗಳಲ್ಲಿ ಬೆಳಕಿರುವಾಗಲೇ ರಾತ್ರಿಯೂಟ. ದಾದಿಯರು ಬಂದು ಪ್ರತಿ ಕುರ್ಚಿಯ ಹಿಂದೆ ನಿಂತು, ಕೂತವರ ಕೊರಳಿಗೆ ಊಟದ ವಸ್ತ್ರ ಕಟ್ಟಿದರು. ಆ ವಸ್ತ್ರಗಳನ್ನು ಹೊಲಿದುಕೊಟ್ಟವಳು ಟೈಲರಕ್ಕನೇ. ಎಳೆದರೆ ಬಿಗಿಯುವ, ಕಟ್ಟಿಸಿಕೊಂಡವನಿಗೆ ತಾನೇ ಬಿಚ್ಚಲಾಗದ ಗಂಟು ಅದು.

"ಏನ್ರೀ ಇದು! ನಾನು ಅಧ್ಯಕ್ಷ!"

"ಹೌದು ಅಜ್ಜ, ನೀವೇ ಅಧ್ಯಕ್ಷರು," ಎಂದಳು ದಾದಿ ಮೃದುವಾಗಿ. "ಬಾಯಿ ತೆಗೀರಿ."

ವಾರವಾರ ಬರುವ ಟೈಲರಕ್ಕನಿಗೆ ಇಲ್ಲಿನ ಕ್ರಮ ಗೊತ್ತಿತ್ತು. ನಾನು ನ್ಯಾಯಾಧೀಶ, ನಾನು ಸ್ಟೇಷನ್ ಮಾಸ್ಟರ್, ರೈಲು ಬರುತ್ತೆ ಬಿಡಿ ಎಂದು ಇಲ್ಲಿ ದಿನಾ ಯಾರಾದರೂ ಕೂಗಾಡುತ್ತಾರೆ. ದಾದಿಯರು ಇಲ್ಲವೆನ್ನುವುದಿಲ್ಲ, ವಾದಿಸುವುದಿಲ್ಲ. ಹೌದು ಅಜ್ಜ, ನಾಳೆ ಹೋಗೋಣ ಎನ್ನುತ್ತಾರೆ. ಅಷ್ಟೇ.

ಮೊದಲ ತುತ್ತು ಗಂಜಿಗೆ ಸದಸ್ಯರು ನಕ್ಕರು. ಎರಡನೆಯದಕ್ಕೆ ಯಾರೂ ನಗಲಿಲ್ಲ. ಆಮೇಲೆ ಚಮಚ ಹತ್ತಿರ ಬಂದೊಡನೆ ಬಾಯಿಗಳು ತಾವಾಗಿ ತೆರೆದುಕೊಂಡವು. ಗುತ್ತಿಗೆದಾರನಾಗಿದ್ದ ಸದಸ್ಯನ ಕೈ ಮೇಜಿನ ಮೇಲೆ ನಡುಗತೊಡಗಿತು. ಉಪಾಧ್ಯಕ್ಷೆ ಕಿಟಕಿಯತ್ತ ನೋಡುತ್ತ, "ಅಮ್ಮ ಬಂದ್ಲಾ? ಕತ್ತಲಾಯ್ತು, ಬಯ್ತಾಳೆ," ಎಂದಳು. ಅವಳ ಅಮ್ಮ ಸತ್ತು ಎಷ್ಟೋ ಕಾಲವಾಗಿತ್ತು.

"ನಡೀರಿ, ಎದ್ದೇಳಿ!" ಎಂದು ಟೈಲರಕ್ಕ ಕೂಗಿದಳು. ಯಾರೂ ತಿರುಗಲಿಲ್ಲ. ಚಿಕ್ಕಮ್ಮನ ಹಿಡಿತ ಇನ್ನಷ್ಟು ಬಿಗಿಯಾಯಿತು.

ಅಧ್ಯಕ್ಷರು ಗದ್ದದ ಗಂಜಿ ಒರೆಸಿಸಿಕೊಂಡು, ಬಾವಿಯ ತಳದಿಂದ ಎತ್ತಿ ತಂದಂತೆ ಒಂದು ವಾಕ್ಯ ತಂದರು: "ಮುಚ್ಚೋದಕ್ಕೆ ಒಪ್ಪಿರೋರು... ಕೈ ಎತ್ತಿ."

ಮೇಜಿನುದ್ದಕ್ಕೂ ಕೈಗಳು ಎದ್ದವು. ಅಭ್ಯಾಸಬಲದಿಂದ ಟೈಲರಕ್ಕನ ಕೈಯೂ ಏಳಹೊರಟಿತು. ಚಿಕ್ಕಮ್ಮ ಅದನ್ನು ಕೆಳಗೆ ಜಗ್ಗಿ ಹಿಡಿದು, ವರ್ಷದಿಂದ ಆಡದಿದ್ದ ಮಾತು ಆಡಿದಳು: "ಇಳಿಸು ಮಗಳೇ. ಕರ್ಕೊಂಡ್ ಹೋಗ್ತಾರೆ."

ಆಗ ಟೈಲರಕ್ಕನಿಗೆ ನೆನಪಾಯಿತು. ಮಾತು ನಿಂತುಹೋದವರು ಇಲ್ಲಿ ಕೈ ಎತ್ತಿದರೆ ಬಚ್ಚಲಿಗೆ ಎಂದು ಅರ್ಥ.

ದಾದಿಯರು ಎತ್ತಿದ ಕೈಗಳನ್ನು ಹಿಡಿದು ಒಬ್ಬೊಬ್ಬರನ್ನೇ ಎಬ್ಬಿಸಿದರು. "ನಿಧಾನ, ಅಜ್ಜ. ಅವಸರ ಇಲ್ಲ." ಚಪ್ಪಲಿಗಳು ನೆಲಕ್ಕೆ ಉಜ್ಜುತ್ತ ಓಣಿಯಲ್ಲಿ ಸಾಗಿದವು, ಮೆಟ್ಟಿಲು ಹತ್ತಿದವು. ಅದು ಬಚ್ಚಲಿನ ದಾರಿಯಾಗಿರಲಿಲ್ಲ. ಮೇಲಂತಸ್ತಿನಲ್ಲಿ ಬಾಗಿಲುಗಳು ಒಂದಾದ ಮೇಲೊಂದು ಮುಚ್ಚಿಕೊಂಡ ಸದ್ದು ಕೇಳಿತು.

ಹಾಲ್‌ನಲ್ಲಿ ಉಳಿದಿದ್ದ ಗುಮಾಸ್ತ ಹೇಳಿದ: "ಹಾಜರಿರೋ ಸದಸ್ಯರು ನೀವೊಬ್ರೇ ಅಕ್ಕ. ವಿರೋಧ ಇದ್ರೆ ಕೈ ಎತ್ಬೇಕು. ಹಂಗಂತ ನಿಯಮ."

ವಿರೋಧಿಸುವುದಕ್ಕೂ ಎತ್ತಬೇಕು! ಟೈಲರಕ್ಕ ಬಾಗಿಲಲ್ಲಿ ನಿಂತಿದ್ದ ಹಿರಿಯ ದಾದಿಯನ್ನು ನೋಡಿದಳು. ಕೆಸರಿನ ರಸ್ತೆ ಕಣ್ಣಮುಂದೆ ಬಂತು. ದೂರದ ಊರಿಗೆ ಹೊರಟ ವ್ಯಾನಿನ ಕಿಟಕಿಯಲ್ಲಿ ಚಿಕ್ಕಮ್ಮನ ಮುಖವೂ ಬಂತು. ಚಿಕ್ಕಮ್ಮನ ಬೆರಳುಗಳನ್ನು ಬಿಡಿಸಿಕೊಂಡು ಕೈ ಎತ್ತಿದಳು.

ದಾದಿ ಬಂದು ಆ ಕೈ ಹಿಡಿದಳು. ಬಟ್ಟೆಪಟ್ಟಿಗಾಗಿ ಅವಳ ಹಿಂದೆ ಕಣ್ಣಾಡಿಸಿದಳು. "ನೀವು ಕೂತೇ ಇಲ್ವಲ್ಲ ತಾಯಿ," ಎಂದು ಕೈ ಇಳಿಸಿದಳು. "ಭೇಟಿ ಸಮಯ ಮುಗೀತು. ಮನೆಗೆ ಹೋಗಿ."

ಆಶ್ರಮ ಮುಚ್ಚಲಿಲ್ಲ. ಹಾಸಿಗೆ ಖಾಲಿ ಇದೆ ಎಂದು ಈಗ ಯಾರು ತಾನೇ ಹೇಳಿಯಾರು?

ಊರಿನಲ್ಲಿ ಯಾರೂ ಗುಲ್ಲೆಬ್ಬಿಸಲಿಲ್ಲ. ಅದೇ ಎಲ್ಲಕ್ಕಿಂತ ಭಯದ ಸಂಗತಿ. ಅಧ್ಯಕ್ಷರ ಮಗ ಒಮ್ಮೆ ಹಣ್ಣು ತಂದು ಬಾಗಿಲಲ್ಲೇ ಕೊಟ್ಟು, "ವಯಸ್ಸಾಯ್ತಲ್ಲ, ಚೆನ್ನಾಗಿ ನೋಡ್ಕೊಳ್ಳಿ," ಎಂದು ಗಡಿಯಾರ ನೋಡಿಕೊಂಡ. ಅವನ ತಂದೆಗೆ ಇನ್ನೂ ಐವತ್ತು ತುಂಬಿರಲಿಲ್ಲ.

ಮುಂದಿನ ವಾರ ಟೈಲರಕ್ಕ ಚಿಕ್ಕಮ್ಮನಿಗೆ ಊಟ ಮಾಡಿಸುತ್ತಿದ್ದಾಗ ಪಕ್ಕದ ಕುರ್ಚಿಯಿಂದ ಒಂದು ಕೈ ಅವಳ ತೋಳು ಹಿಡಿಯಿತು.

"ಟೈಲರಕ್ಕ, ನಿನಗೆ ಗೊತ್ತಲ್ಲ! ಹೇಳು ಇವ್ರಿಗೆ. ನಾನು ಅಧ್ಯಕ್ಷ. ರಸ್ತೆ ಮಾಡಿಸ್ತೀನಿ, ನಿನ್ನಾಣೆ, ಈ ಗಂಟೊಂದು ಬಿಚ್ಚು."

ಆ ಗಂಟನ್ನು ಬಿಚ್ಚುವ ಬಗೆ ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಅವಳ ಬೆರಳುಗಳು ಅವರ ಕತ್ತಿನ ಹಿಂದಕ್ಕೆ ಹೋದವು. ಅಷ್ಟರಲ್ಲಿ ಚಿಕ್ಕಮ್ಮ ಇನ್ನೊಂದು ತುತ್ತಿಗೆ ಬಾಯಿ ತೆರೆದಳು.

ಟೈಲರಕ್ಕ ಗಂಟನ್ನು ಇನ್ನೊಂದು ಎಳೆ ಬಿಗಿದಳು.

"ಹೌದು ಅಜ್ಜ," ಎಂದಳು. "ನಾಳೆ ಹೋಗೋಣ."