ಕಿವಿ ಮೇಸ್ತ್ರಿಯ ಪಕ್ಕದ ಸೀಟು

“ಬಲಗಡೆ ಮುಂದಿನ ಚಕ್ರದ್ದಲ್ವಾ ಅದು?”

ಕೇಳಿದ್ದು ಯಾರನ್ನೂ ಅಲ್ಲ. ಶವದ ವ್ಯಾನು ಕೀರಲು ದನಿ ಎಳೆಯುತ್ತ ಮನೆಮುಂದೆ ಬಂದು ನಿಂತಿತ್ತು. ಗಂಡನ ಮೈಮೇಲಿನ ಬಿಳಿ ಬಟ್ಟೆಯ ಸುಕ್ಕು ತೀಡುತ್ತಿದ್ದ ಆಕೆಯ ಬಾಯಿಂದ ಮಾತು ತಾನಾಗಿ ಜಾರಿಬಿಟ್ಟಿತು.

“ಏನಕ್ಕ?” ಎಂದು ತಂಗಿ ಬಗ್ಗಿದಳು.

“ಏನಿಲ್ಲ.”

ಪಾಪ, ದುಃಖಕ್ಕೆ ಏನೋ ಬಡಬಡಿಸುತ್ತಾಳೆ ಎಂಬಂತೆ ತಂಗಿ ಉಳಿದವರ ಕಡೆ ನೋಡಿದಳು.

ವ್ಯಾನಿನ ಡ್ರೈವರ್ ಒಳಗೆ ಬಂದು ತಲೆ ತಗ್ಗಿಸಿ ನಿಂತ. “ತಪ್ಪು ತಿಳ್ಕೋಬೇಡಿ ಅಮ್ಮಾ. ಬ್ರೇಕು ಹಿಡಿದ್ರೆ ಸಾಕು, ಹಿಂಗೆ ಕಿರುಚ್ಕೊಳ್ಳುತ್ತೆ. ಮೇಸ್ತ್ರಿಗೇ ತೋರ್ಸೋಣ ಅಂತಿದ್ದೆ. ಕೊನೆಗೆ ಅವರನ್ನೇ ಕರ್ಕೊಂಡು ಹೋಗೋ ಹಾಗಾಯ್ತು.”

“ಅವರಿದ್ದಿದ್ರೆ ಯಾವ ಚಕ್ರ ಅಂತ ಒಂದೇ ಸುತ್ತಲ್ಲಿ ಹೇಳ್ತಿದ್ರು,” ಎಂದ ಗ್ಯಾರೇಜಿನ ಪಕ್ಕದಂಗಡಿಯ ದರ್ಜಿ. “ಸುಮ್ನೆ ಕರೀತಿದ್ರಾ ಕಿವಿ ಮೇಸ್ತ್ರಿ ಅಂತ? ಆದ್ರೆ ಗಾಡಿ ಓಡಿಸಿ ನೋಡೋಕೆ ಪಕ್ಕದಲ್ಲಿ ಹೆಂಡ್ತಿ ಇರ್ಲೇಬೇಕು! ‘ಸೆರಗು ಬಿಟ್ಟು ಸಂತೆಗೂ ಹೋಗಲ್ವಲ್ಲಯ್ಯ’ ಅಂತ ಎಷ್ಟು ರೇಗಿಸ್ತಿದ್ದೆ!”

ಅಷ್ಟು ಹೊತ್ತೂ ಬಿಗಿದುಕೊಂಡಿದ್ದ ಮನೆ ಮೆಲ್ಲಗೆ ನಕ್ಕಿತು. ಆಕೆ ತಲೆಯ ಮೇಲಿನ ಬಟ್ಟೆಯನ್ನು ಕಿವಿ ಮುಚ್ಚುವಷ್ಟು ಮುಂದಕ್ಕೆ ಎಳೆದುಕೊಂಡಳು.

*

ಮದುವೆಯಾದ ಹೊಸತು. ರಿಪೇರಿಯಾದ ಕಾರೊಂದು ಮತ್ತೆ ಮತ್ತೆ ವಾಪಸ್ಸು ಬರುತ್ತಿತ್ತು. “ಕೆಲಸ ಮಾಡಿದ್ಯೋ, ಅದರಡಿ ನಿದ್ದೆ ಹೊಡೆದ್ಯೋ?” ಎಂದು ಮಾಲೀಕ ಬೀದಿಗೆಲ್ಲ ಕೇಳುವಂತೆ ಕೂಗಾಡಿ ಹೋಗಿದ್ದ. ಆ ಮಧ್ಯಾಹ್ನ ಊಟದ ಡಬ್ಬಿ ತಂದ ಹೆಂಡತಿಯನ್ನು ಕೂರಿಸಿಕೊಂಡು ಮೇಸ್ತ್ರಿ ಅದೇ ಕಾರಿನಲ್ಲಿ ಒಂದು ಸುತ್ತು ಹೊರಟ. ಮೊದಲ ತಿರುವಿನಲ್ಲೇ ಆಕೆ ಕಿವಿ ಮುಚ್ಚಿಕೊಂಡಳು.

“ಅಬ್ಬಾ, ಏನ್ ಕೀರಲು!”

“ಎಲ್ಲಿ?”

“ಎಲ್ಲಿ ಅಂದ್ರೆ? ಕೇಳ್ತಿಲ್ವಾ ನಿಮಗೆ?”

ಆತ ಮತ್ತೆ ಬ್ರೇಕು ಒತ್ತಿದ. ಮತ್ತೊಮ್ಮೆ ಒತ್ತಿದ. ಆಮೇಲೆ ಎಂಜಿನ್ ಆರಿಸಿ ಸ್ಟೀರಿಂಗ್ ಹಿಡಿದೇ ಕುಳಿತುಬಿಟ್ಟ. ಮೀಸೆ ಮೂಡುವ ಮೊದಲೇ ತಗಡು ಬಡಿಯುವ ಶೆಡ್ಡು ಸೇರಿದವನು. ಮಾತು ಕೇಳುತ್ತಿತ್ತು, ಗುಡುಗು ಕೇಳುತ್ತಿತ್ತು, ಬೆಳಗ್ಗೆ ಆಕೆ ಹೇಳಿಕೊಳ್ಳುವ ಪದ್ಯವೂ ಕೇಳುತ್ತಿತ್ತು. ನೂಲೆಳೆಯಂಥ ಸಣ್ಣ ದನಿಗಳು ಮಾತ್ರ ಯಾವಾಗಲೋ ಹೇಳದೆ ಕೇಳದೆ ಎದ್ದು ಹೋಗಿದ್ದವು.

“ಕಿವಿ ಇಲ್ಲದವನ ಹತ್ರ ಯಾರು ಗಾಡಿ ಬಿಡ್ತಾರೆ? ಯಾರಿಗೂ ಹೇಳ್ಬೇಡ ಕಣೆ.”

ಮಾರನೆಯ ದಿನ ಆಕೆ ತಾನೇ ಹೋಗಿ ಪಕ್ಕದ ಸೀಟಿನಲ್ಲಿ ಕುಳಿತಳು.

ಮುಂದಿನ ಚಕ್ರ ಕಿರುಚಿದರೆ ಅವನ ಮಣಿಕಟ್ಟು ಒತ್ತುವುದು, ಹಿಂದಿನದಾದರೆ ಮೊಳಕೈ. ಎಡಕ್ಕೆ ಒಂದು ಸಲ, ಬಲಕ್ಕೆ ಎರಡು. ಮಿಕ್ಕಿದ್ದು ಅವನ ಕೈಗೆ ಬಿಟ್ಟದ್ದು. ಚಕ್ರ ಕಳಚಿ, ಗಾಜಿನಂತೆ ಹೊಳಪೇರಿದ ಬ್ರೇಕ್ ಪ್ಯಾಡನ್ನು ಎಮರಿ ಕಾಗದದ ಮೇಲೆ ಉಜ್ಜಿ, ಅಂಚಿನ ಚೂಪು ಮುರಿದು, ಧೂಳು ಒರೆಸಿ, ಪ್ಯಾಡಿನ ಬೆನ್ನಿಗೆ ಚಿಟಿಕೆ ಗ್ರೀಸು ಸವರಿ ಕೂರಿಸುತ್ತಿದ್ದ. ಆಮೇಲೆ ಇಬ್ಬರೂ ಇನ್ನೊಂದು ಸುತ್ತು. ಆಕೆಯ ಬೆರಳು ಸುಮ್ಮನಿದ್ದರೆ ಗಾಡಿ ಗುಣವಾದಂತೆ.

*

ವ್ಯಾನಿನ ಹಿಂಭಾಗದಲ್ಲಿ ಆಕೆ ಗಂಡನ ಮಗ್ಗುಲಲ್ಲೇ ಕುಳಿತಳು. ಈಗ ಗ್ಯಾರೇಜು ನೋಡಿಕೊಳ್ಳುವ ಮಗಳು ಎದುರಿಗೆ ಕುಳಿತಳು. ಮೊದಲ ವೃತ್ತದಲ್ಲಿ ವ್ಯಾನು ಕಿರುಚಿತು. ಆಕೆಯ ಕೈ ಬಿಳಿ ಬಟ್ಟೆಯೊಳಗೆ ಸರಿದು ತಣ್ಣಗಿನ ಮಣಿಕಟ್ಟನ್ನು ಹುಡುಕಿ ಎರಡು ಸಲ ಒತ್ತಿತು. ಮುಂದಿನ ತಿರುವಿನಲ್ಲಿ ಮತ್ತೆ ಎರಡು ಸಲ.

ಮಗಳು ಆ ಕೈಯನ್ನೇ ನೋಡುತ್ತಿದ್ದಳು.

“ಅಮ್ಮ, ಚಿಕ್ಕೋಳಿದ್ದಾಗ ಹಿಂದಿನ ಸೀಟಲ್ಲಿ ಕೂತು ಇದನ್ನೇ ನೋಡ್ತಿದ್ದೆ. ಅಪ್ಪನ್ನ ಮುದ್ದು ಮಾಡ್ತಿದ್ದೀಯ ಅನ್ಕೊಂಡಿದ್ದೆ.”

ಆಕೆ ಬಿಳಿ ಬಟ್ಟೆಯ ಅಂಚು ಸರಿಮಾಡಿದಳು.

“ಅಪ್ಪನಿಗೆ ಕೇಳಿಸ್ತಿರ್ಲಿಲ್ಲ, ಅಲ್ವಾ?”

ವ್ಯಾನು ಒಂದು ಹಳ್ಳಕ್ಕೆ ಇಳಿದು ಹತ್ತಿತು.

“ಮುದ್ದೂ ಹೌದು,” ಎಂದಳು ಆಕೆ.

*

ಸ್ಮಶಾನದ ಕೆಲಸವೆಲ್ಲ ಮುಗಿದ ಮೇಲೆ ಜನ ಮರದ ನೆರಳಿಗೆ ಸೇರಿದರು. ದರ್ಜಿ ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡು ಮುಂದೆ ಬಂದ.

“ಅಂಥ ಕಿವಿ ಇನ್ನು ಹುಟ್ಟೋದಿಲ್ಲ ಬಿಡಿ. ಅತ್ತಿಗೆ, ನೀವೂ ಒಂದು ಮಾತು ಹೇಳಿ.”

ಎಲ್ಲರೂ ತಿರುಗಿ ನೋಡಿದರು. ಮಗಳು ತಾಯಿಯ ಕೈ ಹಿಡಿದು ಕಿವಿಯ ಹತ್ತಿರ ಬಂದಳು.

“ಹೇಳಮ್ಮ. ಇಷ್ಟು ವರ್ಷ ಸೆರಗು ಸೆರಗು ಅಂತ ಆಡ್ಕೊಂಡ್ರಲ್ಲ, ಆ ಕಿವಿ ನಂದು ಅಂತ ಇವತ್ತಾದ್ರೂ ಹೇಳು. ಅಪ್ಪನಿಗೆ ಇನ್ನೇನು ನಷ್ಟ?”

ಅಷ್ಟರಲ್ಲಿ ಡ್ರೈವರ್ ವ್ಯಾನು ತಿರುಗಿಸಿ ಬ್ರೇಕು ಹಿಡಿದ. ಕೀರಲು ದನಿ ನೆರಳಿನ ತುಂಬ ಹರಡಿ ನಿಂತಿತು. ಆಕೆಯ ಬೆರಳುಗಳು ಮಗಳ ಮಣಿಕಟ್ಟನ್ನು ಎರಡು ಸಲ ಒತ್ತಿದವು.

“ಹೇಳಲ್ಲ,” ಎಂದಳು.